ಉಪ್ಪನ ಪುಸ್ತಕ ಉಳಿಯಿತು, ನನ್ನ ಡಿಸ್ಕ್ ಹೋಯಿತು

ಉಪ್ಪಳದ ನಮ್ಮ ಅಂಗಡಿಯ ಸಾಲದ ಲೆಕ್ಕವನ್ನು ಉಪ್ಪ ಇಂದಿಗೂ ಎರಡು ಪುಸ್ತಕದಲ್ಲಿ ಬರೆಯುತ್ತಾರೆ. ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯ ಕಪಾಟಿನಲ್ಲಿ. "ಎಲ್ಲ ಕಂಪ್ಯೂಟರಿನಲ್ಲಿದೆಯಲ್ಲ ಉಪ್ಪ, ಸುಮ್ಮನೆ ಯಾಕೆ ಬರೀತೀರಿ?" ಎಂದು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ನಾನು ನಗುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ನಗು ನಿಂತಿತು. ಸಿ ಡ್ರೈವ್ ತುಂಬಿತ್ತು. ಡಿಸ್ಕ್ ವಿಂಗಡಿಸುವ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿ, ಡಿ ಡ್ರೈವಿನ ಜಾಗವನ್ನು ಸಿಗೆ ಸೇರಿಸಲು ಹೊರಟೆ. ಅರ್ಧದಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು. ಮತ್ತೆ ಆನ್ ಮಾಡಿದಾಗ ಡಿ ಡ್ರೈವ್ ಕೇಳಿದ್ದು ಒಂದೇ ಮಾತು: ಫಾರ್ಮ್ಯಾಟ್ ಮಾಡಬೇಕೇ?

ಅಂಗಡಿಯ ಲೆಕ್ಕ ಉಪ್ಪನ ಪುಸ್ತಕದಿಂದ ನಾಲ್ಕೇ ದಿನದಲ್ಲಿ ಮರಳಿತು. ಆದರೆ ಉಮ್ಮನ ಉಮ್ಮ ಹಾಡಿದ ಮದುವೆ ಹಾಡುಗಳು ಅದರಲ್ಲಿದ್ದವು. ಮೊಬೈಲಿನಲ್ಲಿ ಜಾಗವಿಲ್ಲವೆಂದು ನಾನೇ ಅಲ್ಲಿಗೆ ಸಾಗಿಸಿ, ಮೊಬೈಲಿನಿಂದ ಅಳಿಸಿದ್ದೆ. ಹಾಡಿದವರು ಈಗಿಲ್ಲ. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ನಮ್ಮ ಭಾಷೆಗೊಂದು ಲಿಪಿ ಹೊರತಂದದ್ದೇ 2020ರಲ್ಲಿ. ಅಲ್ಲಿಯವರೆಗೂ ಹೆಚ್ಚಿನ ಹಾಡು ಬಾಯಿಂದ ಬಾಯಿಗೆ ಬಂದದ್ದು. ಅದನ್ನು ಯಾವ ಪುಸ್ತಕದಿಂದ ಮರಳಿ ಬರೆಯಲಿ?

ಹೊಸ ಆವೃತ್ತಿಯನ್ನು ಕಂಪನಿಯವರು ಪರೀಕ್ಷಿಸಿಯೇ ಕೊಡುತ್ತಾರೆ, ಹೆದರಿಕೆ ಯಾಕೆ ಎನ್ನುವವರಿದ್ದಾರೆ. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಅಪ್‌ಡೇಟ್ ಕೆಲವರ ಫೈಲುಗಳನ್ನೇ ಅಳಿಸಿತು. ಮೈಕ್ರೋಸಾಫ್ಟ್ ಅದರ ವಿತರಣೆಯನ್ನು ತಡೆಹಿಡಿಯಬೇಕಾಯಿತು. ಅಷ್ಟು ದೊಡ್ಡವರಿಗೇ ತಪ್ಪುವುದಾದರೆ ನಮ್ಮ ಪಾಡೇನು? ಅದೂ ಡಿಸ್ಕ್ ಸಾಫ್ಟ್‌ವೇರ್ ಬೇರೆ ಆ್ಯಪ್‌ಗಳಂತಲ್ಲ. ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂಬ ನಕ್ಷೆಯನ್ನೇ ಅದು ತಿದ್ದುತ್ತದೆ, ಒಳಗಿನದನ್ನು ಎತ್ತಿ ಬೇರೆ ಕಡೆ ಇಡುತ್ತದೆ. ನಡುವೆ ನಿಂತರೆ ಅರ್ಧ ಅಲ್ಲಿ, ಅರ್ಧ ಇಲ್ಲಿ.

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ನಮ್ಮ ಅಂಗಡಿಗಳಲ್ಲೂ ಮನೆಗಳಲ್ಲೂ ಹಳೆ ಕಂಪ್ಯೂಟರಿಗೆ ಕೈ ಹಾಕುವ ಕೆಲಸ ಜಾಸ್ತಿಯಾಗಿದೆ. ಅದಕ್ಕೇ ಹೇಳುತ್ತೇನೆ: ಪ್ರತಿ ತೆಗೆದಿಡುವುದು ರಿಪೇರಿಯವನ ಕೆಲಸವಲ್ಲ, ಮನೆಯವರದ್ದು. ಸಿಯಿಂದ ಡಿಗೆ ಹಾಕಿದರೆ ಅದು ಪ್ರತಿಯಲ್ಲ. ಎರಡೂ ಒಂದೇ ಡಿಸ್ಕ್. ಬೇರೆ ಹಾರ್ಡ್ ಡಿಸ್ಕಿಗೆ ಹಾಕಿ, ಅದನ್ನು ಕಳಚಿಡಿ. ಇನ್ನೊಂದು ಪ್ರತಿ ಮಂಗಳೂರಿನ ತಂಗಿಯ ಮನೆಯಲ್ಲೋ ದುಬೈಯ ಅಣ್ಣನ ಹತ್ತಿರವೋ ಇರಲಿ. ನಾಲ್ಕು ಫೈಲು ತೆರೆದು ನೋಡಿ, ಕಿವಿಗೊಟ್ಟು ಕೇಳಿ. ಆಮೇಲೆ ಅಪ್‌ಡೇಟ್ ಒತ್ತಿ.

ಉಪ್ಪ ನನ್ನನ್ನು ಬೈಯಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಎರಡನೇ ಪುಸ್ತಕ ತೆರೆದು ಬರೆಯತೊಡಗಿದರು. ನಾನು ಪಕ್ಕದಲ್ಲಿ ಕೂತು ಲೆಕ್ಕ ಓದಿ ಹೇಳಿದೆ.