ಗಣಕದ ವರದಿಗೂ ಅಳತೆಯ ಆಧಾರ ಬೇಕು

ವಿಮಾನ, ಉಪಗ್ರಹ ಹಾಗೂ ಸೂಕ್ಷ್ಮ ಯಂತ್ರೋಪಕರಣಗಳ ಭಾಗಗಳನ್ನು ಕೊಳ್ಳುವ ದೊಡ್ಡ ಸಂಸ್ಥೆಗಳು ಇಂದು ನಕ್ಷೆಯೊಡನೆ ಫೈನೈಟ್ ಎಲಿಮೆಂಟ್ ವಿಶ್ಲೇಷಣೆಯ ವರದಿಯನ್ನೂ ಕೇಳುವುದುಂಟು. ಸಣ್ಣ ತಯಾರಕರಲ್ಲಿ ಕೆಲವರು ಇದನ್ನು ಕಾಗದದ ಹೊರೆಯೆಂದು ಬಗೆದು, ಹೊರಗಿನವರಿಂದ ವರದಿ ಬರೆಸಿ ಕಡತಕ್ಕೆ ಸೇರಿಸಿ ಸುಮ್ಮನಾಗುತ್ತಾರೆ. ಉಕ್ಕಿನ ಸಾಧಾರಣ ಬ್ರಾಕೆಟ್ಟಿಗೆ ಇದು ನಡೆದೀತು. ಪದರಪದರವಾಗಿ ಕಟ್ಟಿದ ಸ್ಮಾರ್ಟ್ ಫಲಕಗಳಿಗೆ ನಡೆಯದು.

ಕಾರ್ಬನ್ ಅಥವಾ ಗಾಜಿನ ನಾರಿನ ಪದರಗಳನ್ನು ರಾಳದಿಂದ ಬೆಸೆದು, ಅದರ ಮೇಲೆ ಪೀಜೋ ಸೆರಾಮಿಕ್ ಬಿಲ್ಲೆಗಳನ್ನು ಅಂಟಿಸಿದ ಫಲಕವಿದು. ಕೆಲವು ಹರಳುಗಳನ್ನು ಒತ್ತಿದಾಗ ವಿದ್ಯುತ್ ಹುಟ್ಟುವುದನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಕೊಂಡರು. ವಿದ್ಯುತ್ ಹಾಯಿಸಿದಾಗ ಅವು ಹಿಗ್ಗಿ ಕುಗ್ಗುತ್ತವೆ. ಆದ್ದರಿಂದ ಇಂತಹ ಫಲಕವು ತನ್ನ ಕಂಪನವನ್ನು ತಾನೇ ಅರಿತು, ಸೂಕ್ತ ನಿಯಂತ್ರಕದ ನೆರವಿನಿಂದ ತಗ್ಗಿಸಿಕೊಳ್ಳಬಲ್ಲದು.

ಆದರೆ ಈ ಚಲನೆ ಅತ್ಯಲ್ಪ. 0.2 ಮಿ.ಮೀ. ದಪ್ಪದ, 50 ಮಿ.ಮೀ. ಉದ್ದದ ಬಿಲ್ಲೆಗೆ 100 ವೋಲ್ಟ್ ಕೊಟ್ಟರೆ ಅದರ ಉದ್ದದಲ್ಲಾಗುವ ಬದಲಾವಣೆ ಸುಮಾರು 4ರಿಂದ 5 ಮೈಕ್ರಾನ್. ಅದು ಫಲಕವನ್ನು ತಲುಪಬೇಕಾದುದು ಅಂಟಿನ ಮೂಲಕ. ಎಪಾಕ್ಸಿ ಅಂಟಾದರೋ ಬಿಲ್ಲೆಗಿಂತ ಸುಮಾರು 20 ಪಟ್ಟು ಮೆದು. ಅಂಟು ದಪ್ಪವಾದಷ್ಟೂ ಚಲನೆಯ ಒಂದು ಪಾಲು ಅದರಲ್ಲೇ ಕರಗಿಹೋಗುವುದೆಂಬುದನ್ನು ಕ್ರಾಲಿ ಮತ್ತು ಡಿ ಲೂಯಿಸ್ 1987ರಲ್ಲೇ ವಿವರಿಸಿದ್ದಾರೆ. ಗಣಕದ ಮಾದರಿಯಲ್ಲಿ ಅಂಟನ್ನು ಲೆಕ್ಕಕ್ಕೇ ಹಿಡಿಯದೆ, ಬೆಸುಗೆ ಪರಿಪೂರ್ಣವೆಂದು ಊಹಿಸುವುದು ಸಾಮಾನ್ಯ. ತೆಳು ಫಲಕದ ಹಳೆಯ ಸಿದ್ಧಾಂತವನ್ನೇ ಬಳಸಿದರೆ ದಪ್ಪ ಫಲಕವು ಇರುವುದಕ್ಕಿಂತ ಗಡುಸಾಗಿ ತೋರುವುದು ಇನ್ನೊಂದು ದೋಷ. ಇದರ ಪರಿಹಾರಕ್ಕೆ ಜೆ.ಎನ್. ರೆಡ್ಡಿಯವರು 1984ರಲ್ಲಿ ಮಂಡಿಸಿದಂತಹ ಉನ್ನತ ಕ್ರಮಾಂಕದ ಸಿದ್ಧಾಂತಗಳು ಲಭ್ಯವಿವೆ.

ಸಾಫ್ಟ್‌ವೇರ್ ದುಬಾರಿ ಎಂಬ ಆಕ್ಷೇಪ ಪೂರ್ತಿ ನಿಜವಲ್ಲ. ಕೋಡ್ ಆಸ್ಟರ್, ಕ್ಯಾಲ್ಕ್ಯುಲಿಕ್ಸ್‌ನಂತಹ ಮುಕ್ತ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ನಿಜವಾದ ಕೊರತೆ ಅಂಕಿ ಅಂಶಗಳದು. ಪದರದ ದಪ್ಪ, ನಾರಿನ ಕೋನ, ಅಂಟಿನ ದಪ್ಪ, ಮಾದರಿ ತುಂಡಿನ ಪರೀಕ್ಷಾಫಲ ಇವೆಲ್ಲ ಹುಟ್ಟುವುದು ನಮ್ಮ ಕಾರ್ಖಾನೆಯ ನೆಲದಲ್ಲಿ. ಪುಸ್ತಕದ ಸಂಖ್ಯೆಗಳಿಂದ ಬರೆದ ವರದಿಯನ್ನು ನಂಬಿ ಮಾಲು ಕಳುಹಿಸಿದಾಗ, ಸ್ವೀಕಾರ ಪರೀಕ್ಷೆಯಲ್ಲಿ ಅದು ತಿರಸ್ಕೃತವಾದರೆ ನಷ್ಟ ಹೊರುವವನು ತಯಾರಕನೇ ಹೊರತು ವರದಿ ಬರೆದವನಲ್ಲ.

ಆದ್ದರಿಂದ ಮೂರು ಸಲಹೆಗಳು. ಮೊದಲನೆಯದಾಗಿ, ಪ್ರತಿ ತಂಡದ ಅಳತೆಗಳನ್ನು ದಾಖಲಿಸಿಡಬೇಕು. ಎರಡನೆಯದಾಗಿ, ವರದಿಯಲ್ಲಿ ಬಳಸಿದ ಊಹೆಗಳನ್ನೂ, ಪರೀಕ್ಷೆಯೊಡನೆ ಮಾಡಿದ ಹೋಲಿಕೆಯನ್ನೂ ಬರವಣಿಗೆಯಲ್ಲಿ ಪಡೆಯಬೇಕು. ಮೂರನೆಯದಾಗಿ, ಪರೀಕ್ಷಾ ಯಂತ್ರ ಹಾಗೂ ವಿಶ್ಲೇಷಕರ ವೆಚ್ಚವನ್ನು ಒಬ್ಬೊಬ್ಬರೇ ಭರಿಸುವ ಬದಲು ಒಗ್ಗೂಡಿ ಭರಿಸಬೇಕು. ಕೇಂದ್ರದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸಮೂಹ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ಅನುದಾನದ ಅವಕಾಶವಿದೆ. ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಉದ್ಯಮಿಗಳು ಇಂಜಿನಿಯರಿಂಗ್ ಕಾಲೇಜುಗಳೊಡನೆ ಕೈಜೋಡಿಸಿ ಇದನ್ನು ಬಳಸಿಕೊಳ್ಳಬಹುದು. ಅದಕ್ಕೆ ವಾಣಿಜ್ಯ ಸಂಸ್ಥೆಯೇ ಮುಂದಾಳತ್ವ ವಹಿಸುವುದು ಉಚಿತ. ಅಳತೆಯ ದಾಖಲೆಯುಳ್ಳ ತಯಾರಕ ದರದ ಮಾತುಕತೆಯಲ್ಲಿಯೂ ಧೈರ್ಯವಾಗಿ ನಿಲ್ಲಬಲ್ಲ.