‘ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ?’

ಕಳೆದ ತಿಂಗಳು ಆಫೀಸಿನ ಹೆಲ್ತ್ ಚೆಕಪ್ ಇತ್ತು. ರಿಪೋರ್ಟ್ ನೋಡಿದ ಡಾಕ್ಟರ್, "ಶುಗರ್ ಬಾರ್ಡರ್‌ನಲ್ಲಿದೆ. ಅಪ್ಪ ಅಮ್ಮನಿಗೆ ಇದೆಯಾ?" ಅಂದ್ರು. "ಇಲ್ಲ" ಅಂದೆ. ಬರೆದುಕೊಂಡ್ರು. ಲಿಫ್ಟ್‌ನಲ್ಲಿ ಇಳಿಯುವಾಗ ಹೊಳೆಯಿತು, ನಾನು ಹೇಳಿದ್ದು ಮಾನ್ವಿಯ ಅಪ್ಪ-ಅವ್ವನ ಬಗ್ಗೆ. ಡಾಕ್ಟರಿಗೆ ಬೇಕಾಗಿದ್ದದ್ದು ದೇವದುರ್ಗದವರ ಸುದ್ದಿ.

ಈ ಅಂಕಣದಲ್ಲಿ ಸಾಮಾನ್ಯವಾಗಿ ಆಫೀಸು, ಇಎಂಐ, ಪಿಜಿ ಊಟದ ಬಗ್ಗೆ ಬರೀತೀನಿ. ಇವತ್ತು ಮನೆ ವಿಷಯ. ನಾನು ದತ್ತು ಹೋದ ಮಗ. ಹಡೆದವಳು ದೇವದುರ್ಗದ ಚಿಗವ್ವ. ಸಾಕಿದವಳು ಅವಳ ಅಕ್ಕ, ಮಾನ್ವಿಯ ನನ್ನ ಅವ್ವ. ಅವ್ವನಿಗೆ ಮಕ್ಕಳಿರಲಿಲ್ಲ, ಚಿಗವ್ವನಿಗೆ ನಾನು ಮೂರನೆಯವನು. ಆರು ತಿಂಗಳ ಕೂಸಿದ್ದಾಗ ನನ್ನನ್ನು ಅವ್ವನ ಉಡಿಯಲ್ಲಿ ಹಾಕಿದರು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ದತ್ತುಪತ್ರವೂ ಆಯಿತು. ಅದು ಇವತ್ತಿಗೂ ಅಪ್ಪನ ಟ್ರಂಕಿನಲ್ಲಿದೆ.

ಇದನ್ನು ನನಗೆ ಮನೆಯವರು ಯಾರೂ ಹೇಳಲಿಲ್ಲ. ಆರನೇ ಕ್ಲಾಸಿನಲ್ಲಿದ್ದಾಗ ಒಂದು ಮದುವೆಯಲ್ಲಿ ಯಾರೋ ಮುದುಕಿ, "ಇವ ಆಕಿ ಹಡದ ಹುಡುಗ ಅಲ್ಲೇನು?" ಅಂತ ಚಿಗವ್ವನ ಕಡೆ ಕೈ ತೋರಿಸಿದಳು. ಅವತ್ತಿನಿಂದ ಸುಮ್ಮನಿದ್ದೆ. ರಾಯಚೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ರಜೆ ಬಂದರೆ ಮಾನ್ವಿ ಬಸ್ಸೇ ಹತ್ತುತ್ತಿದ್ದೆ. ದೇವದುರ್ಗಕ್ಕೆ ಹೋದರೆ ಅವ್ವ ಏನಂದುಕೊಳ್ತಾಳೋ ಅಂತ ಭಯ.

ಕಾನೂನು ಏನು ಹೇಳುತ್ತೆ ಅಂತ ಆಮೇಲೆ ಓದಿಕೊಂಡೆ. ನನ್ನಂಥವರ ದತ್ತು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಕೆಳಗೆ ಬರುತ್ತದೆ. ದತ್ತು ಆದ ದಿನದಿಂದ ಮಗು ಸಾಕಿದವರದ್ದೇ. ಹುಟ್ಟಿದ ಮನೆಯ ಸಂಬಂಧ ಕಾನೂನಿನ ಲೆಕ್ಕದಲ್ಲಿ ಮುಗಿಯಿತು, ವಾಪಸ್ ಹೋಗುವಂತಿಲ್ಲ. ಆದರೆ ಒಂದು ವಿಷಯದಲ್ಲಿ ಕಾನೂನೂ ರಕ್ತವನ್ನು ಮರೆಯುವುದಿಲ್ಲ. ಹುಟ್ಟಿದ ಮನೆಯಲ್ಲೇ ಇದ್ದಿದ್ದರೆ ಯಾರನ್ನು ಮದುವೆ ಆಗುವಂತಿರಲಿಲ್ಲವೋ, ದತ್ತು ಹೋದ ಮೇಲೂ ಅವರನ್ನು ಆಗುವಂತಿಲ್ಲ. ಸಂಬಂಧದಲ್ಲೇ ಹೆಣ್ಣು ಕೊಟ್ಟು ತರುವ ನಮ್ಮ ಕಡೆ ಇದು ಸಣ್ಣ ಮಾತಲ್ಲ. ಹುಡುಗನಿಗೇ ತನ್ನ ಹುಟ್ಟು ಗೊತ್ತಿಲ್ಲದಿದ್ದರೆ ಏನು ಗತಿ?

ಸಂಬಂಧಿಕರಲ್ಲದ ಮಕ್ಕಳನ್ನು ದತ್ತು ಪಡೆಯುವ ದಾರಿ ಬೇರೆ. 2015ರ ಬಾಲನ್ಯಾಯ ಕಾಯ್ದೆ, ಕಾರಾ ಸಂಸ್ಥೆಯ ಆನ್‌ಲೈನ್ ನೋಂದಣಿ, ಮಕ್ಕಳ ಕಲ್ಯಾಣ ಸಮಿತಿ, ಕೊನೆಗೆ ಆದೇಶ. 2022ರ ಸೆಪ್ಟೆಂಬರ್‌ನಿಂದ ಆ ಆದೇಶವನ್ನು ಕೋರ್ಟಿನ ಬದಲು ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ನಮ್ಮಲ್ಲಿ ಡಿಸಿ, ಕೊಡುತ್ತಾರೆ. ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು 60 ದಿನ ಇದೆ. ಮಗು ಹೊಸ ಮನೆಗೆ ಹೋದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ನೋಡುತ್ತಾರೆ. 18 ತುಂಬಿದ ಮೇಲೆ ಮಗು ತಾನೇ ಅರ್ಜಿ ಹಾಕಿ ತನ್ನ ಮೂಲ ತಿಳಿಯಲು ಕೇಳಬಹುದು. ಅದಕ್ಕಿಂತ ಚಿಕ್ಕವರಾದರೆ ಸಾಕಿದ ಅಪ್ಪ-ಅಮ್ಮನ ಜೊತೆ ಸೇರಿ ಕೇಳಬೇಕು. ಆದರೆ ಹಡೆದವರ ಗೋಪ್ಯತೆಗೆ ಧಕ್ಕೆ ಆಗುವಂತಿಲ್ಲ. ಇನ್ನೊಂದು ಮಾತು: ಆಸ್ಪತ್ರೆಯಿಂದ, ದಲ್ಲಾಳಿಯಿಂದ ನೇರವಾಗಿ ಕೂಸು ತಂದು "ಸಾಕ್ತೀವಿ" ಅನ್ನೋದು ಅಪರಾಧ, ಮೂರು ವರ್ಷದವರೆಗೆ ಜೈಲಾಗಬಹುದು. ಕೂಸು ಬೇಡವಾದವರು ಯಾರಾದರೂ ಕಂಡರೆ 1098ಕ್ಕೆ ಫೋನ್ ಮಾಡಿ.

ಆದರೆ ಪ್ರಶ್ನೆಗಳು ಎರಡು ವರ್ಷಕ್ಕೆ ಮುಗಿಯಲ್ಲ. ನಮ್ಮ ಫೀಲ್ಡಿನವರಿಗೆ ಗೊತ್ತು, ರಿಲೀಸ್ ದಿನ ಕೇಕ್ ಕತ್ತರಿಸಿದ ಮೇಲೆಯೇ ನಿಜವಾದ ಕೆಲಸ. ಹನ್ನೆರಡಕ್ಕೆ ಒಂದು ಪ್ರಶ್ನೆ, ಮದುವೆ ಹೊತ್ತಿಗೆ ಇನ್ನೊಂದು, ಡಾಕ್ಟರ್ ಮುಂದೆ ಮತ್ತೊಂದು. ಅವಕ್ಕೆ ಉತ್ತರ ಮನೆಯವರೇ ಕೊಡಬೇಕು.

ಆ ಶನಿವಾರ ಮಾನ್ವಿಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಡಾಕ್ಟರ್ ಕೇಳಿದ್ದನ್ನು ಹೇಳಿದೆ. ಕೈ ನಿಂತಿತು.

"ನಿನಗ ಯಾವಾಗ ಗೊತ್ತಾತು?"

"ಆರನೇತ್ತ ಇದ್ದಾಗ."

"ಮತ್ತ ಇಷ್ಟು ವರ್ಷ ಯಾಕ ಕೇಳಲಿಲ್ಲ?"

"ನಿನಗ ಬ್ಯಾಸರ ಆಗ್ತೈತಿ ಅಂತ."

ತವೆ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ನಾನೇ ತೆಗೆದೆ. "ಹೇಳಿದ್ರ ದೇವದುರ್ಗಕ್ಕ ಹೋಗಿಬಿಡ್ತಿ ಅಂತ ಹೆದರಿಕಿ ಇತ್ತಪಾ" ಅಂದಳು. ಕಣ್ಣೊರೆಸಿಕೊಂಡು, "ನಾಳೆ ನಡಿ, ನಾನೂ ಬರ್ತೀನಿ" ಅಂದಳು.

ಮರುದಿನ ಸಿರವಾರದ ದಾರಿಯಾಗಿ ಇಬ್ಬರೂ ದೇವದುರ್ಗಕ್ಕೆ ಹೋದೆವು. ದಾರಿಯುದ್ದಕ್ಕೂ ಅವ್ವ ನನ್ನ ಕೈ ಹಿಡಿದಿದ್ದಳು, ಸ್ಕೂಲಿಗೆ ಬಿಡಲು ಬರುತ್ತಿದ್ದ ಹಾಗೆ. ಚಿಗವ್ವನಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ ಇದೆಯಂತೆ. ಅವರಪ್ಪನಿಗೂ ಇತ್ತಂತೆ. ಇಷ್ಟು ಹೇಳಲು ಐದು ನಿಮಿಷ ಸಾಕಾಯಿತು. ಆಮೇಲೆ ಅವಳು ಹೇಳಿದ್ದು ಬೇರೆ:

"ನಿನ್ನ ಹುಟ್ಟಿದ ದಿನ ಬಂದ್ರ ಹೋಳಿಗಿ ಮಾಡ್ತೀನಿ. ಯಾಕ ಅಂತ ಯಾರಿಗೂ ಹೇಳಂಗಿಲ್ಲ."

ಮೂವತ್ತು ವರ್ಷ! ಸಾಕಿದವಳ ಭಯ ನನಗೆ ಸ್ವಲ್ಪ ಗೊತ್ತಿತ್ತು. ಹಡೆದವಳಿಗೂ ಒಂದು ಮನಸ್ಸಿದೆ, ಅವಳೂ ದಿನ ಎಣಿಸುತ್ತಿರುತ್ತಾಳೆ ಅಂತ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಅವ್ವನೇ ತಂಗಿಗೆ, "ಈ ಸಲ ಮಾನ್ವಿಗೆ ಬಾ, ಅಲ್ಲೇ ಹೋಳಿಗಿ ಮಾಡೋಣು" ಅಂದಳು. ನಾನು ಇವತ್ತಿಗೂ ಒಬ್ಬಳನ್ನು ಅವ್ವ, ಇನ್ನೊಬ್ಬಳನ್ನು ಚಿಗವ್ವ ಅಂತಲೇ ಕರೆಯುತ್ತೇನೆ. ಅದನ್ನು ಬದಲಿಸು ಅಂತ ಯಾರೂ ಕೇಳಲಿಲ್ಲ.

ನಿಮ್ಮ ಮನೆಯಲ್ಲಿ ದತ್ತು ಬಂದ ಮಗು ಇದ್ದರೆ, ಮದುವೆ ಮನೆಯ ಮುದುಕಿ ಹೇಳುವ ಮುಂಚೆ ನೀವೇ ಹೇಳಿ. ಚಿಕ್ಕದಿದ್ದಾಗಲೇ, ಕಥೆಯ ಹಾಗೆ, ಮತ್ತೆ ಮತ್ತೆ. ಕಾಗದಪತ್ರ ಜೋಪಾನ ಮಾಡಿ, ಹಡೆದವರ ಆರೋಗ್ಯದ ಬಗ್ಗೆ ತಿಳಿದಿದ್ದನ್ನು ಒಂದು ಹಾಳೆಯಲ್ಲಿ ಬರೆದಿಡಿ. ನೀವೇ ಆ ಮಗು ಆಗಿದ್ದರೆ, ಕೇಳಿ. ಕೇಳಿದ ಮಾತ್ರಕ್ಕೆ ಸಾಕಿದವರು ಸಣ್ಣವರಾಗಲ್ಲ.

ಮುಂದಿನ ವಾರ ಡಾಕ್ಟರ್ ಹತ್ತಿರ ಹೋಗಬೇಕು. ಆ "ಇಲ್ಲ"ವನ್ನು ಹೊಡೆದುಹಾಕಿ "ಇದೆ" ಅಂತ ಬರೆಸಬೇಕು.