ತೊಟ್ಟಿಲ ವಯಸ್ಸಿನಲ್ಲೇ ಕೇಳಬೇಕಾದ ಪ್ರಶ್ನೆ

ಹೆರಿಗೆ ಆಸ್ಪತ್ರೆ ಕೊಡುವ ಚೀಟಿಯಲ್ಲಿ ಮಗುವಿನ ಒಂದು ವೃಷಣ ಕೆಳಗಿಳಿದಿಲ್ಲವೆಂಬ ಇಂಗ್ಲಿಷ್ ಸಾಲೊಂದಿದ್ದರೆ, ಅದನ್ನು ಬಿಡಿಸಿ ಹೇಳುವವರು ಎಷ್ಟೋ ಮನೆಗಳಲ್ಲಿ ಇರುವುದಿಲ್ಲ. ತಿಳಿದವರಿಗೂ ಬಾಯಿಬಿಡಲು ಸಂಕೋಚ. ‘ಬೆಳೆಯುತ್ತಾ ತಾನಾಗಿ ಇಳಿಯುತ್ತದೆ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಮೊದಲ 6 ತಿಂಗಳ ಮಟ್ಟಿಗೆ ಆ ಮಾತು ನಿಜ. ಆಮೇಲೆ ಅದನ್ನು ನಂಬಿ ಕುಳಿತುಕೊಳ್ಳುವಂತಿಲ್ಲ.

ವೃಷಣಗಳು ರೂಪುಗೊಳ್ಳುವುದು ಗರ್ಭಸ್ಥ ಶಿಶುವಿನ ಹೊಟ್ಟೆಯೊಳಗೆ, ಮೂತ್ರಪಿಂಡಗಳ ಸಮೀಪ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಅವು ತೊಡೆಸಂದಿನ ದಾರಿಯಾಗಿ ಚೀಲಕ್ಕೆ ಇಳಿಯುತ್ತವೆ. ತಿಂಗಳು ತುಂಬಿ ಹುಟ್ಟಿದ 100 ಗಂಡುಮಕ್ಕಳಲ್ಲಿ ಸುಮಾರು ಮೂವರಿಗೆ ಈ ಪಯಣ ಪೂರ್ಣಗೊಂಡಿರುವುದಿಲ್ಲ. ವರ್ಷ ತುಂಬುವ ಹೊತ್ತಿಗೆ ಉಳಿಯುವವನು ಸುಮಾರು ಒಬ್ಬ. ತಿಂಗಳು ತುಂಬದೆ ಹುಟ್ಟಿದವರಲ್ಲಿ ಇದು ಇನ್ನೂ ಹೆಚ್ಚು. ಅಂಥವರಿಗೆ ಈ 6 ತಿಂಗಳನ್ನು ಹೆರಿಗೆಗೆ ಗೊತ್ತಾಗಿದ್ದ ದಿನದಿಂದ ಎಣಿಸಬೇಕು. ಎರಡೂ ವೃಷಣಗಳು ಕೈಗೆ ಸಿಗದ ನವಜಾತ ಶಿಶುವನ್ನಾದರೋ ಕಾಯದೆ, ಕೂಡಲೇ ಪರೀಕ್ಷಿಸಬೇಕು.

ಹಿಂದೆ ಈ ಶಸ್ತ್ರಚಿಕಿತ್ಸೆಯನ್ನು ಶಾಲೆಗೆ ಸೇರುವ ವಯಸ್ಸಿನವರೆಗೂ ಮುಂದೂಡುತ್ತಿದ್ದರು. ಇಂದಿನ ವೈದ್ಯರ ಸಲಹೆ ಬೇರೆ: 6ರಿಂದ 12 ತಿಂಗಳೊಳಗೆ, ತಡವೆಂದರೆ 18 ತಿಂಗಳೊಳಗೆ. ಚೀಲದೊಳಗಿನ ಉಷ್ಣತೆ ದೇಹದ ಒಳಗಿನದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ. ಮುಂದೆ ವೀರ್ಯಾಣುಗಳಿಗೆ ಮೂಲವಾಗುವ ಕೋಶಗಳು ಮೊದಲ ವರ್ಷದಲ್ಲೇ ಮಾರ್ಪಾಡುಗೊಳ್ಳುತ್ತವೆ. ಒಳಗಿನ ಬಿಸಿಯಲ್ಲಿ ಅವು ನಶಿಸತೊಡಗುತ್ತವೆ. ಎರಡೂ ಇಳಿಯದೆ ಉಳಿದವರಲ್ಲಿ ಸಂತಾನಶಕ್ತಿ ಕುಂದುವ ಸಂಭವ ಹೆಚ್ಚು. ಕ್ಯಾನ್ಸರಿನ ಅಪಾಯ ಒಟ್ಟಿನಲ್ಲಿ ಅಲ್ಪವೇ ಆದರೂ ಇತರರಿಗಿಂತ ಹೆಚ್ಚು. ಬೇಗ ಕೆಳಗಿಳಿಸಿದರೆ ಅದು ತಗ್ಗುತ್ತದೆ.

ಇಷ್ಟು ಎಳೆಯ ಕೂಸಿಗೆ ಅರಿವಳಿಕೆಯೇ ಎಂಬ ತಾಯಿಯ ಅಳುಕು ಸಹಜ. ಮಕ್ಕಳ ಶಸ್ತ್ರಚಿಕಿತ್ಸಕರೂ ಮಕ್ಕಳ ಅರಿವಳಿಕೆಯಲ್ಲಿ ಪಳಗಿದವರೂ ಇರುವೆಡೆ ಇದು ನಿತ್ಯದ ಕೆಲಸ. ಬಹುತೇಕ ಮಕ್ಕಳು ಅದೇ ದಿನ ಮನೆಗೆ ಮರಳುತ್ತಾರೆ. ನಮ್ಮ ಕಾಸರಗೋಡಿನವರಿಗೆ ಚಿಕಿತ್ಸೆಗಾಗಿ ಮಂಗಳೂರಿಗೆ ಹೋಗುವುದು ಹೊಸತೂ ಅಲ್ಲ. ವಿಚಾರಿಸಲು ಒಳ್ಳೆಯ ಸಂದರ್ಭವೆಂದರೆ 9ನೆಯ ತಿಂಗಳ ದಡಾರ–ರುಬೆಲ್ಲಾ ಲಸಿಕೆಯ ದಿನ. ಮಗುವಿನ ಚಡ್ಡಿ ಬಿಚ್ಚಿ ನೋಡುವಂತೆ ಅಲ್ಲಿನ ವೈದ್ಯರನ್ನು ಕೇಳಿರಿ. ಭಾಷೆ ತೊಡಕೆನಿಸಿದರೆ ‘ವೃಷಣ’ ಎಂದರೂ ಸಾಕು, ಮಲಯಾಳದಲ್ಲಿಯೂ ಇದೇ ಪದ. (ಪಾಠಪುಸ್ತಕದಲ್ಲಿರುವ ಈ ಪದವನ್ನು ತರಗತಿಯಲ್ಲಿ ನುಂಗಿಬಿಡುವ ಅಧ್ಯಾಪಕರು ಇನ್ನಾದರೂ ಉಚ್ಚರಿಸಲಿ.) ಪತ್ತೆಗೆ ನುರಿತ ಕೈಯ ಸ್ಪರ್ಶವೇ ಮುಖ್ಯ, ಸ್ಕ್ಯಾನಿಂಗ್‌ಗೆಂದು ತಿಂಗಳುಗಟ್ಟಲೆ ಕಾಯಬೇಕಿಲ್ಲ.

ಚಳಿಗೋ ಅಂಜಿಕೆಗೋ ಮೇಲೇರಿ, ಬಿಸಿನೀರಿನ ಸ್ನಾನದ ಬಳಿಕ ಚೀಲಕ್ಕಿಳಿದು ನಿಲ್ಲುವ ವೃಷಣದ ಸಂಗತಿ ಬೇರೆ. ಅದಕ್ಕೆ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಬೇಡ. ಆದರೂ ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು, ಏಕೆಂದರೆ ಕೆಲವರಲ್ಲಿ ಅದು ಮುಂದೆ ಮೇಲೆಯೇ ನಿಂತುಬಿಡುವುದುಂಟು.

ಇದನ್ನು ಓದುವ ಹೊತ್ತಿಗೆ ಮಗ ಎರಡನೆಯ ತರಗತಿಯಲ್ಲಿದ್ದರೆ? ಆದ ತಡಕ್ಕೆ ತಾಯಿಯನ್ನು ದೂರುವುದು ಬೇಡ. ಈ ವಾರವೇ ತೋರಿಸಿ. ಹರೆಯಕ್ಕೆ ಮುನ್ನ ಕೆಳಗಿಳಿಸಿದರೂ ಪ್ರಯೋಜನವುಂಟು. ಚೀಲ ಖಾಲಿಯಿರುವ ಬದಿಯ ತೊಡೆಸಂದಿನಲ್ಲಿ ಹಠಾತ್ತನೆ ನೋವು, ವಾಂತಿ ಕಾಣಿಸಿಕೊಂಡರೆ ಮಾತ್ರ ವೃಷಣ ತಿರುಚಿಕೊಂಡಿರಬಹುದು. ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು. ಶಸ್ತ್ರಚಿಕಿತ್ಸೆಯಾದ ಹುಡುಗನಿಗೆ ಹರೆಯ ಬಂದಾಗ, ಸ್ನಾನದ ವೇಳೆ ಗಂಟೇನಾದರೂ ಇದೆಯೇ ಎಂದು ತಾನೇ ಮುಟ್ಟಿ ನೋಡಿಕೊಳ್ಳಲು ತಂದೆಯೋ ಮಾವನೋ ಹೇಳಿಕೊಡಲಿ.